ಆರು ತಿಂಗಳ ಕೂಸಿಗೆ ಬೇರೆ ಅಡುಗೆ ಬೇಡ, ಬೇರೆ ಬಟ್ಟಲು ಸಾಕು

ಪ್ರಶ್ನೆ: ನನ್ನ ಮಗಳಿಗೆ ಮುಂದಿನ ವಾರ ಆರು ತಿಂಗಳು ತುಂಬುತ್ತದೆ. ಅದೇ ವಾರ ನನ್ನ ಹೆರಿಗೆ ರಜೆಯೂ ಮುಗಿಯುತ್ತದೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ವಾಪಸ್ ಬರುವುದು ಸಂಜೆ ಏಳಕ್ಕೆ. ಹಗಲೆಲ್ಲ ಮಗುವನ್ನು ಅತ್ತೆ ನೋಡಿಕೊಳ್ಳುತ್ತಾರೆ. ಅವರಿಗೆ ಮಂಡಿ ನೋವು, ಒಲೆ ಮುಂದೆ ಜಾಸ್ತಿ ಹೊತ್ತು ನಿಲ್ಲಲು ಆಗುವುದಿಲ್ಲ. ಅವರು ರಾಗಿ ಸರಿ ಒಂದೇ ಸಾಕು ಅನ್ನುತ್ತಾರೆ. ಗೆಳತಿಯೊಬ್ಬಳು ಭಾನುವಾರವೇ ಎಲ್ಲ ತರಕಾರಿ ಬೇಯಿಸಿ, ರುಬ್ಬಿ, ಐಸ್ ಟ್ರೇನಲ್ಲಿ ಇಟ್ಟುಬಿಡು ಅನ್ನುತ್ತಾಳೆ. ನನ್ನ ಗಂಡ, ಸುಮ್ನೆ ಡಬ್ಬಿ ತರೋಣ ಅನ್ನುತ್ತಾರೆ. ಕಡಿಮೆ ಹೊತ್ತಿನಲ್ಲಿ ಮನೆಯಲ್ಲೇ ಮಗುವಿಗೆ ಸರಿಯಾದ ಊಟ ಮಾಡುವುದು ಹೇಗೆ? (ಬೆಂಗಳೂರಿನ ಓದುಗರು)

ಉತ್ತರ: ನಿಮ್ಮಂಥ ತಾಯಂದಿರು ಈ ಪ್ರಶ್ನೆ ಕೇಳುವುದಕ್ಕೆ ಒಂದು ಕಾರಣವಿದೆ. 2017ರ ತಿದ್ದುಪಡಿ ಆದಮೇಲೆ ಕಾನೂನು ಕೊಡುವ ಹೆರಿಗೆ ರಜೆ 26 ವಾರ, ಅಂದರೆ 182 ದಿನ. ಮಗುವಿಗೆ ಎದೆಹಾಲಿನ ಜೊತೆ ಗಟ್ಟಿ ಆಹಾರ ಶುರು ಮಾಡಬೇಕಾದ್ದು 180 ದಿನ ತುಂಬಿದ ಮೇಲೆ. ಸರಿಯಾಗಿ ಮಗು ಊಟ ಕಲಿಯುವ ವಾರವೇ ತಾಯಿ ಆಫೀಸಿಗೆ ಹೋಗಬೇಕು! ಹೆರಿಗೆಗೆ ಮುಂಚೆಯೇ ಒಂದಷ್ಟು ರಜೆ ತೆಗೆದುಕೊಂಡವರಿಗಂತೂ ಇನ್ನೂ ಬೇಗ. ಆದ್ದರಿಂದ ಗಡಿಬಿಡಿ ಆಗುವುದು ನಿಮ್ಮ ತಪ್ಪಲ್ಲ.

ನನ್ನ ಉತ್ತರ ಇಷ್ಟೇ: ಮಗುವಿಗೆ ಅಂತ ಬೇರೆ ಅಡುಗೆ ಮಾಡಲು ಹೋಗಬೇಡಿ. ಮನೆಯವರಿಗೆ ಮಾಡುವ ಅಡುಗೆಯಲ್ಲೇ ಉಪ್ಪು, ಖಾರ, ಹುಳಿ ಬೀಳುವ ಮುಂಚೆ ಮಗುವಿನ ಪಾಲು ಎತ್ತಿಡಿ. ದಿನಾ ನಡೆಯುವುದು ಇದೊಂದೇ. ಮಿಕ್ಕಿದ್ದೆಲ್ಲ ಎರಡು ವಾರ ಹುರುಪಿನಿಂದ ನಡೆದು ನಿಂತುಹೋಗುತ್ತದೆ.

ಬೆಳಿಗ್ಗೆ ನಿಮ್ಮ ಮನೆಯಲ್ಲಿ ಹೇಗೂ ಕುಕ್ಕರ್ ಇಡುತ್ತೀರಿ ಅಲ್ವಾ? ಅನ್ನದ ಪಾತ್ರೆ ಮೇಲೆ ಒಂದು ತಟ್ಟೆ ಮುಚ್ಚಿ, ಅದರ ಮೇಲೆ ಸಣ್ಣ ಸ್ಟೀಲ್ ಬಟ್ಟಲು ಇಡಿ. ಬಟ್ಟಲಿಗೆ ಎರಡು ಊಟದ ಚಮಚ ಅಕ್ಕಿ, ಒಂದು ಚಮಚ ಹೆಸರುಬೇಳೆ, ಬೆರಳುದ್ದದ ಕ್ಯಾರೆಟ್ ಅಥವಾ ಸಿಹಿಗುಂಬಳದ ಹೋಳು, ಮುಕ್ಕಾಲು ಲೋಟ ನೀರು. ಅಕ್ಕಿ ಬೇಳೆಯನ್ನು ರಾತ್ರಿಯೇ ತೊಳೆದು ಅದೇ ಬಟ್ಟಲಲ್ಲಿ ನೆನೆಹಾಕಿ ಫ್ರಿಜ್‌ನಲ್ಲಿ ಇಟ್ಟಿದ್ದರೆ ಬೆಳಿಗ್ಗೆ ಕೆಲಸವೇ ಇಲ್ಲ, ಕಾಳು ಮೆತ್ತಗೂ ಬೇಯುತ್ತದೆ. ಮನೆಯವರ ಅನ್ನಕ್ಕೆ ಎಷ್ಟು ಕೂಗು ಕೂಗಿಸುತ್ತೀರೋ ಅಷ್ಟೇ ಇದಕ್ಕೂ. ಒಂದು ಕೂಗು ಜಾಸ್ತಿಯಾದರೆ ಒಳ್ಳೆಯದೇ. ಮುಚ್ಚಳ ತೆಗೆದ ಮೇಲೆ ಚಮಚದ ಹಿಂಭಾಗದಿಂದ ಚೆನ್ನಾಗಿ ಕಿವುಚಿ, ಒಂದು ಸಣ್ಣ ಚಮಚ ತುಪ್ಪ ಹಾಕಿ. ಮುಗಿಯಿತು. ನಿಮ್ಮ ಕೈ ಕೆಲಸ ಐದು ನಿಮಿಷವೂ ಆಗುವುದಿಲ್ಲ.

ಇದಕ್ಕೆ ಮಿಕ್ಸಿ ಬೇಡ. ಬೇಡ ಅಂದದ್ದು ತೊಳೆಯುವ ಕಷ್ಟಕ್ಕಷ್ಟೇ ಅಲ್ಲ. ರುಬ್ಬಿದ ನುಣ್ಣನೆಯ ಊಟವೇ ರೂಢಿಯಾದ ಮಕ್ಕಳು ಒಂಬತ್ತು ಹತ್ತು ತಿಂಗಳಿಗೆ ಅನ್ನದ ಅಗುಳು ಸಿಕ್ಕರೂ ಓಕರಿಸುತ್ತಾರೆ. ಅಗಿಯುವುದನ್ನು ಮಗು ಕಲಿಯಬೇಕು. ಅದಕ್ಕೆ ಹಲ್ಲೇ ಬೇಕೆಂದಿಲ್ಲ, ವಸಡಿನಲ್ಲೇ ಅದು ಮೆತ್ತನೆಯದನ್ನು ಚೆನ್ನಾಗಿ ಅರೆಯುತ್ತದೆ. ಮೊದಲ ವಾರ ನುಣ್ಣಗೆ ಕಿವುಚಿ. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಒರಟಾಗಿ ಬಿಡುತ್ತಾ ಹೋಗಿ.

ಹದದ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಗಳಲ್ಲಿ ಜಾಸ್ತಿ ಎಡವುವುದು ಇಲ್ಲಿಯೇ. ಚಮಚ ಓರೆ ಮಾಡಿದರೆ ಊಟ ಸರ್ರನೆ ಹರಿದು ಬೀಳಬಾರದು, ನಿಧಾನಕ್ಕೆ ಜಾರಬೇಕು. ಬೇಳೆ ಕಟ್ಟು, ಅನ್ನದ ಗಂಜಿ ತಿಳಿ, ತರಕಾರಿ ಬೇಯಿಸಿದ ನೀರು ಇವೆಲ್ಲ "ಮಗುವಿಗೆ ಹಗುರ" ಅಂತ ಕೊಡುತ್ತಾರೆ. ಹಗುರವೇ ಸರಿ, ಅದರಲ್ಲಿ ಏನೂ ಇಲ್ಲವಲ್ಲ! ಕೂಸಿನ ಹೊಟ್ಟೆ ತೀರಾ ಚಿಕ್ಕದು. ಅದನ್ನು ನೀರಿನಿಂದ ತುಂಬಿಸಿದರೆ ಎದೆಹಾಲಿಗೂ ಜಾಗವಿಲ್ಲ, ಊಟಕ್ಕೂ ಜಾಗವಿಲ್ಲ. ಕಟ್ಟನ್ನು ನೀವು ಸಾರಿಗೆ ಹಾಕಿಕೊಳ್ಳಿ, ಬೇಳೆಯನ್ನು ಮಗುವಿಗೆ ಕೊಡಿ. ತುಪ್ಪ ಅಥವಾ ಎಣ್ಣೆ ಹಾಕುವುದೂ ಇದೇ ಕಾರಣಕ್ಕೆ. ಚಿಕ್ಕ ಪ್ರಮಾಣದಲ್ಲೇ ಶಕ್ತಿ ಹೆಚ್ಚುತ್ತದೆ.

ಇನ್ನು ಈ ಬಟ್ಟಲನ್ನು ದಿನಾ ಬದಲಾಯಿಸಿ. ಸೋಮವಾರ ಹೆಸರುಬೇಳೆ, ಮಂಗಳವಾರ ತೊಗರಿ. ಮನೆಗೆ ಬಸ್ಸಾರು ಮಾಡುವ ದಿನ ಬೆಂದ ಸೊಪ್ಪನ್ನೂ ಕಾಳನ್ನೂ ಒಗ್ಗರಣೆಗೆ ಮುಂಚೆ ಒಂದು ಸೌಟು ಎತ್ತಿಡಿ. ಮೊಸೊಪ್ಪಾದರೆ ಇನ್ನೂ ಸುಲಭ. ಬೇಳೆ ಸೊಪ್ಪು ಬೆಂದಾಗಲೇ ಒಂದಿಷ್ಟು ತೆಗೆದು, ಮಿಕ್ಕಿದ್ದಕ್ಕೆ ಮೆಣಸಿನಕಾಯಿ ಹುಣಸೆಹಣ್ಣು ಹಾಕಿ ಮಸೆಯಿರಿ. ಆಲೂಗಡ್ಡೆ ಪಲ್ಯದ ದಿನ ಒಂದು ಹೋಳು ಬೆಂದ ಆಲೂಗಡ್ಡೆ. ಇಡ್ಲಿ ದಿನ ಹಿಟ್ಟಿಗೆ ಉಪ್ಪು ಹಾಕುವ ಮುಂಚೆ ಒಂದು ಸೌಟು ಬೇರೆ ತೆಗೆದಿಟ್ಟರೆ ಎಂಟನೇ ತಿಂಗಳಿಂದ ಅದೇ ತಿಂಡಿ. ನೋಡಿ, ಒಂದು ವಾರದ ಪಟ್ಟಿ ತಾನಾಗೇ ಆಯಿತು.

ಬೆಳಿಗ್ಗೆ ಏಳಕ್ಕೆ ಬೆಂದದ್ದು ಮಧ್ಯಾಹ್ನ ಒಂದರವರೆಗೆ ಒಲೆ ಪಕ್ಕ ಕೂರಬಾರದು, ಅದೊಂದು ಎಚ್ಚರ ಇರಲಿ. ಬೆಂದ ಅನ್ನದಲ್ಲಿ, ಬೇಯಿಸಿದರೂ ಸಾಯದ ಒಂದು ಜಾತಿ ಬ್ಯಾಕ್ಟೀರಿಯಾ ಉಳಿದಿರಬಹುದು. ಬೆಚ್ಚಗಿನ ಜಾಗದಲ್ಲಿ ಅದು ಬೇಗ ಹೆಚ್ಚುತ್ತದೆ. ಎರಡು ಗಂಟೆ ದಾಟುವ ಮುಂಚೆ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ಗೆ ಹೋಗಬೇಕು. ಅತ್ತೆಯವರು ಊಟದ ಹೊತ್ತಿಗೆ ಬೇಕಾದಷ್ಟನ್ನು ಮಾತ್ರ ಚಿಕ್ಕ ಪಾತ್ರೆಗೆ ತೆಗೆದು, ಸ್ವಲ್ಪ ನೀರು ಸೇರಿಸಿ, ಹಬೆಯಾಡುವ ತನಕ ಬಿಸಿ ಮಾಡಿ, ಆರಿಸಿ ಕೊಡಲಿ. ಬಿಸಿ ಮಾಡುವುದು ಒಂದೇ ಸಲ. ಮಗುವಿನ ಎಂಜಲು ಚಮಚ ತಾಗಿದ ಬಟ್ಟಲಲ್ಲಿ ಉಳಿದದ್ದನ್ನು ಎಷ್ಟೇ ಹೊಟ್ಟೆ ಉರಿದರೂ ಮತ್ತೆ ಎತ್ತಿಡಬೇಡಿ.

ಈಗ ರಾಗಿ ಸರಿ. ನಿಮ್ಮ ಅತ್ತೆ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿ. ರಾಗಿಯಷ್ಟು ಸುಣ್ಣದಂಶ ಇರುವ ಧಾನ್ಯ ನಮ್ಮ ಅಡುಗೆಮನೆಯಲ್ಲಿ ಇನ್ನೊಂದಿಲ್ಲ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ. ಅಕ್ಕಿಯಲ್ಲಿ ಇಪ್ಪತ್ತು ಕೂಡ ಇಲ್ಲ. ಆದರೆ ರಾಗಿಯಲ್ಲಿ ಫೈಟೇಟ್ ಎಂಬ ಅಂಶವೂ ಜಾಸ್ತಿ, ಅದು ಕಬ್ಬಿಣದಂಶ ಮೈಗೆ ಹತ್ತದಂತೆ ಹಿಡಿದುಕೊಳ್ಳುತ್ತದೆ. ರಾಗಿಯನ್ನು ಮೊಳಕೆ ಕಟ್ಟಿಸಿ ಒಣಗಿಸಿ ಪುಡಿ ಮಾಡುವ ಹಳೇ ಪದ್ಧತಿಯ ಜಾಣತನ ಇರುವುದೇ ಇಲ್ಲಿ. ಮೊಳಕೆ ಬಂದಾಗ ಫೈಟೇಟ್ ತಗ್ಗುತ್ತದೆ. ಇನ್ನೊಂದು ಲಾಭವೂ ಇದೆ. ಕಾಳಿನೊಳಗೆ ಪಿಷ್ಟವನ್ನು ಕರಗಿಸುವ ಅಮೈಲೇಸ್ ಹುಟ್ಟುತ್ತದೆ. ಹಾಗಾಗಿ ಮೊಳಕೆ ರಾಗಿಯ ಸರಿ ಅಷ್ಟು ಗಟ್ಟಿ ಕಟ್ಟುವುದಿಲ್ಲ. ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಬಹುದು, ಒಂದೊಂದು ಚಮಚದಲ್ಲೂ ಹೆಚ್ಚು ಶಕ್ತಿ ಹೋಗುತ್ತದೆ.

ಇದನ್ನು ತಿಂಗಳಿಗೊಮ್ಮೆ ಮಾಡಿಟ್ಟರೆ ಸಾಕು. ಅರ್ಧ ಕೆಜಿ ರಾಗಿ ಆರಿಸಿ, ನೀರು ತಿಳಿಯಾಗುವ ತನಕ ತೊಳೆದು, ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ. ಒಂದೆರಡು ದಿನದಲ್ಲಿ ಬಿಳಿ ಮೊಳಕೆ ಕಾಣುತ್ತದೆ. ಬಟ್ಟೆ ಒಣಗಿದರೆ ಮೊಳಕೆ ಬರುವುದಿಲ್ಲ, ನೀರು ನಿಂತರೆ ಹುಳಿ ವಾಸನೆ ಬರುತ್ತದೆ. ಬೂಸ್ಟು ಕಂಡರೆ ಪೂರ್ತಿ ಎಸೆಯಿರಿ, ಆ ಭಾಗ ಮಾತ್ರ ತೆಗೆಯುವುದು ಬೇಡ. ಚೆನ್ನಾಗಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಹುರಿದು, ಪುಡಿ ಮಾಡಿಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಗಿರಣಿಗೆ ಕೊಡುವುದಾದರೆ ಯಾರದಾದರೂ ರಾಗಿ ಬೀಸಿದ ಮೇಲೆ ನಿಮ್ಮದನ್ನು ಹಾಕಲು ಹೇಳಿ. ಖಾರದಪುಡಿ ಮಾಡಿದ ಕಲ್ಲಿಗೆ ಮಗುವಿನ ರಾಗಿ ಬಿದ್ದರೆ ಇಡೀ ಡಬ್ಬಿ ಗೋತಾ.

ಇಷ್ಟು ಮಾಡಲು ಆಗುವುದಿಲ್ಲವೇ? ಅಂಗಡಿಯಲ್ಲಿ ಮೊಳಕೆ ರಾಗಿ ಹಿಟ್ಟು ಸಿಗುತ್ತದೆ, ತನ್ನಿ. ಪ್ಯಾಕೆಟ್ ಹಿಂದೆ ರಾಗಿ ಬಿಟ್ಟು ಸಕ್ಕರೆ, ಹಾಲಿನ ಪುಡಿ, ಫ್ಲೇವರ್ ಏನೂ ಇರಬಾರದು, ಅಷ್ಟೇ. ನಾನೇ ಮಾಡಲಿಲ್ಲವಲ್ಲ ಅಂತ ಕೊರಗುವ ಅಗತ್ಯ ಇಲ್ಲ.

ಸರಿ ಕಾಯಿಸುವಾಗ ಎರಡು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿಕೊಂಡು ಆಮೇಲೆ ಒಲೆಗೆ ಇಡಿ. ಕೈ ಬಿಡದೆ ಐದಾರು ನಿಮಿಷ ತಿರುವಿ. ಹಸಿ ವಾಸನೆ ಹೋಗಿ ಹೊಳಪು ಬಂದಾಗ ಬೆಂದಿದೆ ಅಂತ ಅರ್ಥ. ಅತ್ತೆಯವರು ಕುರ್ಚಿ ಹಾಕಿಕೊಂಡೇ ಮಾಡಬಹುದಾದ ಕೆಲಸ ಇದು. ಬೆಲ್ಲ, ಉಪ್ಪು ಬೇಡ. ಸಪ್ಪೆ ಅನ್ನಿಸುವುದು ನಮಗೆ, ಮಗುವಿಗೆ ಅದೇ ಮೊದಲ ರುಚಿ. ಸಿಹಿ ಬೇಕೆನಿಸಿದರೆ ಒಂದು ಏಲಕ್ಕಿ ಬಾಳೆಹಣ್ಣು ಕಿವುಚಿ ಸೇರಿಸಿ.

ಒಂದು ವಿಷಯದಲ್ಲಿ ಮಾತ್ರ ಅತ್ತೆಯವರ ಮಾತು ನಾನು ಒಪ್ಪುವುದಿಲ್ಲ. "ರಾಗಿ ಸರಿ ಒಂದೇ ಸಾಕು" ಅನ್ನುವುದು ಸರಿಯಲ್ಲ. ಮೂರು ಹೊತ್ತೂ ರಾಗಿ ಕುಡಿದ ಮಗು ಗುಂಡಗೆ ಕಾಣಬಹುದು, ಒಳಗೆ ರಕ್ತ ಕಡಿಮೆ ಇರಬಹುದು. ದಿನಕ್ಕೆ ಒಂದು ಹೊತ್ತು ಸರಿ, ಮಿಕ್ಕ ಹೊತ್ತು ಬೇರೆ. ಹಾಗೆಯೇ ರಾಗಿಗೆ ಗೋಧಿ, ಕಡಲೆ, ಬಾದಾಮಿ, ಗೋಡಂಬಿ, ಏಲಕ್ಕಿ, ಇನ್ನೂ ಹತ್ತು ಸೇರಿಸಿ ಒಂದೇ ಪುಡಿ ಮಾಡುವ ರೂಢಿಯೂ ಮೊದಲ ತಿಂಗಳಿಗೆ ಬೇಡ. ಮಗುವಿನ ಮೈಮೇಲೆ ದದ್ದು ಬಂದರೆ ಯಾವುದರಿಂದ ಬಂತು ಅಂತ ಹೇಗೆ ಗೊತ್ತಾಗಬೇಕು? ಬಾದಾಮಿ ಗೋಡಂಬಿ ಸೇರಿದ ಪುಡಿಗೆ ಬೇಗ ಕಮಟು ವಾಸನೆಯೂ ಹಿಡಿಯುತ್ತದೆ.

ರಕ್ತದ ಮಾತು ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹುಟ್ಟುವಾಗ ತಾಯಿಯಿಂದ ತಂದ ಕಬ್ಬಿಣದ ದಾಸ್ತಾನು ಆರು ತಿಂಗಳ ಹೊತ್ತಿಗೆ ಮುಗಿಯುತ್ತಾ ಬಂದಿರುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇತ್ತು. ಇವರೆಲ್ಲ ಹೊಟ್ಟೆಗಿಲ್ಲದ ಮನೆಯ ಮಕ್ಕಳು ಅಂದುಕೊಳ್ಳಬೇಡಿ.

ನಿಮ್ಮದು ಮಾಂಸ ತಿನ್ನುವ ಮನೆಯಾದರೆ ಕೆಲಸ ಸಲೀಸು. ಸಾರಿಗೆ ಮಸಾಲೆ ಹಾಕುವ ಮುಂಚೆ ಚೆನ್ನಾಗಿ ಬೆಂದ ಕೋಳಿ ಅಥವಾ ಕುರಿ ಮಾಂಸದ ಎರಡು ತುಂಡನ್ನು ಎತ್ತಿಡಿ. ಮೂಳೆ ಬಿಡಿಸಿ, ಎಳೆ ಎಳೆಯಾಗಿ ನುರಿದು ಅನ್ನಕ್ಕೆ ಕಲಸಿ. ಹಲ್ಲು ಬರುವ ತನಕ ಮಾಂಸ ಬೇಡ ಅನ್ನುವುದಕ್ಕೆ ಆಧಾರವಿಲ್ಲ. ಮೊಟ್ಟೆಯೂ ಆರು ತಿಂಗಳಿಂದಲೇ ಆಗುತ್ತದೆ, ಬಿಳಿ ಹಳದಿ ಎರಡೂ, ಪೂರ್ತಿ ಗಟ್ಟಿ ಬೆಂದಿರಬೇಕು. ಸಸ್ಯಾಹಾರಿಗಳಾದರೆ ಬೇಳೆ, ಕಾಳು, ಸೊಪ್ಪು ದಿನಾ ಇರಲಿ. ಕೊಡುವ ಮುಂಚೆ ಅದರ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ. ನಿಂಬೆಯ ವಿಟಮಿನ್ ಸಿ ಸಿಕ್ಕರೆ ಬೇಳೆಯ ಕಬ್ಬಿಣ ಹೆಚ್ಚು ಮೈಗೆ ಹತ್ತುತ್ತದೆ. ಊಟದ ಜೊತೆ ಸೀಬೆಹಣ್ಣಿನ ಬೀಜವಿಲ್ಲದ ತಿರುಳು ಕೊಟ್ಟರೂ ಅದೇ ಕೆಲಸ. ಇದಲ್ಲದೆ ಸರ್ಕಾರದ ಕಾರ್ಯಕ್ರಮದಲ್ಲಿ ಆರು ತಿಂಗಳಾದ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿಲಿ ಕಬ್ಬಿಣದ ಸಿರಪ್ ಕೊಡುತ್ತಾರೆ. ಆಶಾ ಕಾರ್ಯಕರ್ತೆಯನ್ನೋ ನಿಮ್ಮ ಮಕ್ಕಳ ಡಾಕ್ಟರನ್ನೋ ಕೇಳಿ. ಮಲ ಕಪ್ಪಾದರೆ ಹೆದರಬೇಡಿ, ಸಿರಪ್ಪಿನಿಂದ ಹಾಗಾಗುತ್ತದೆ.

ಗೆಳತಿ ಹೇಳಿದ ಐಸ್ ಟ್ರೇ ವಿಷಯಕ್ಕೆ ಬರೋಣ. ತಪ್ಪೇನಲ್ಲ, ಆದರೆ ನಿಮಗೆ ಇರುವುದೇ ಒಂದು ಭಾನುವಾರ. ಅದನ್ನು ಏಳು ತರಕಾರಿ ಬೇಯಿಸಿ, ರುಬ್ಬಿ, ಸೋಸಿ, ಟ್ರೇ ತೊಳೆಯುವುದರಲ್ಲಿ ಕಳೆಯುವುದಕ್ಕಿಂತ ಮಗುವಿನ ಪಕ್ಕ ಮಲಗಿಕೊಳ್ಳಿ. ದಿನಾ ತಾಜಾ ತರಕಾರಿ ಮನೆಗೆ ಬರುವ, ದಿನಾ ಕುಕ್ಕರ್ ಕೂಗುವ ಮನೆಗೆ ಇದರ ಅಗತ್ಯ ಕಡಿಮೆ. ಕರೆಂಟು ಹೋಗಿ ಬಂದು ಮಾಡುವ ಬಡಾವಣೆಯಾದರೆ, ಕರಗಿ ಮತ್ತೆ ಗಟ್ಟಿಯಾದ ಕ್ಯೂಬು ಯಾವುದು ಅಂತ ಹೇಳಲೂ ಆಗುವುದಿಲ್ಲ. ಬೇಯಲು ತುಂಬಾ ಹೊತ್ತು ಹಿಡಿಯುವ ಪದಾರ್ಥಕ್ಕೆ ಮಾತ್ರ ಫ್ರೀಜರ್ ಒಳ್ಳೆಯದು. ಕಡಲೆಕಾಳು, ರಾಜ್ಮಾ, ಮಾಂಸ ಇಂಥದ್ದನ್ನು ಬೇಯಿಸಿ ಮಸೆದು ಇಟ್ಟರೆ ಒಂದೊಂದು ಕ್ಯೂಬನ್ನು ರಾತ್ರಿ ಫ್ರಿಜ್‌ಗೆ ಇಳಿಸಿ, ಮಾರನೇ ದಿನ ಕುದಿಸಿ ಅನ್ನಕ್ಕೆ ಸೇರಿಸಬಹುದು. ಡಬ್ಬಿ ಮೇಲೆ ತಾರೀಕು ಬರೆದು ಒಂದು ತಿಂಗಳೊಳಗೆ ಖಾಲಿ ಮಾಡಿ.

ಒಲೆಯೇ ಹಚ್ಚದ ಊಟವೂ ಇದೆ. ಮಾಗಿದ ಬಾಳೆಹಣ್ಣು, ಪರಂಗಿ, ಸಪೋಟ, ಬೆಣ್ಣೆಹಣ್ಣು ಎಲ್ಲವೂ ಫೋರ್ಕಿನಲ್ಲಿ ಒತ್ತಿದರೆ ಸಾಕು. ಮನೆಯ ಮೊಸರು ಕೂಡ ಈಗಿಂದಲೇ ಆಗುತ್ತದೆ. ನಾಲ್ಕು ಗಂಟೆಯ ಹೊತ್ತಿಗೆ ಅತ್ತೆಯವರಿಗೆ ಇಷ್ಟು ಸಾಕು. ಹಾಗಾಗಿ ದಿನ ಹೀಗೆ ಹೋಗಬಹುದು: ನೀವು ಹೊರಡುವ ಮುಂಚೆ ಎದೆಹಾಲು, ಹತ್ತರ ಹೊತ್ತಿಗೆ ಸರಿ, ಒಂದಕ್ಕೆ ಬಟ್ಟಲಿನ ಅನ್ನ ಬೇಳೆ, ನಾಲ್ಕಕ್ಕೆ ಹಣ್ಣು, ನಡುವೆ ನೀವು ಹಿಂಡಿಟ್ಟ ಹಾಲು, ಬಂದ ಮೇಲೆ ಮತ್ತೆ ಎದೆಹಾಲು. ಆದರೆ ಇದು ಒಂದು ತಿಂಗಳ ನಂತರದ ಚಿತ್ರ. ಮೊದಲ ವಾರ ದಿನಕ್ಕೆ ಒಂದೆರಡು ಸಲ, ಎರಡು ಮೂರು ಚಮಚ ಅಷ್ಟೇ. ನಿಧಾನಕ್ಕೆ ಒಂದು ಹೊತ್ತಿಗೆ ಅರ್ಧ ಲೋಟದಷ್ಟಕ್ಕೆ ಏರುತ್ತದೆ. ಹೊಸ ಪದಾರ್ಥ ಕೊಟ್ಟರೆ ಎರಡು ಮೂರು ದಿನ ನೋಡಿ ಇನ್ನೊಂದು ಶುರು ಮಾಡಿ. ಹೊಸದನ್ನು ಬೆಳಗಿನ ಹೊತ್ತೇ ಕೊಡಿ, ಏನಾದರೂ ಆದರೆ ಡಾಕ್ಟರು ಸಿಗುತ್ತಾರೆ.

ಮಗು ಮುಖ ಕಿವುಚಿ ನಾಲಿಗೆಯಿಂದ ಹೊರಗೆ ತಳ್ಳಿದರೆ ಬೇಡ ಅಂತಲ್ಲ, ನುಂಗುವುದು ಇನ್ನೂ ಗೊತ್ತಿಲ್ಲ ಅಂತ. ನಾಲ್ಕು ದಿನ ಬಿಟ್ಟು ಮತ್ತೆ ಕೊಡಿ. ಎಂಟು ಹತ್ತು ಸಲ ರುಚಿ ನೋಡಿದ ಮೇಲೆ ಒಪ್ಪುವ ಮಕ್ಕಳು ಎಷ್ಟೋ. ಕಾಲ ಮೇಲೆ ಮಲಗಿಸಿಕೊಂಡು ಒಳಲೆಯಲ್ಲಿ ಬಾಯಿಗೆ ಸುರಿಯುವ ಅಭ್ಯಾಸ ಮಾತ್ರ ಬೇಡ. ಹಿರಿಯರಿಗೆ ಇದು ರೂಢಿ, ಬೇಗ ಮುಗಿಯುತ್ತದೆ ಕೂಡ. ಆದರೆ ಊಟ ಶ್ವಾಸಕ್ಕೆ ಹೋಗುವ ಅಪಾಯ ಇದೆ. ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ಎದುರು ಕೂತು, ಚಮಚದಲ್ಲಿ. ಮೊಬೈಲ್ ಬೇಡ.

ಕೊಡಬಾರದ್ದು ಕೆಲವಿದೆ. ಒಂದು ವರ್ಷದೊಳಗೆ ಜೇನುತುಪ್ಪ ನೆಕ್ಕಿಸಲೇಬೇಡಿ. ಅದರಲ್ಲಿ ಇರಬಹುದಾದ ಬಾಟುಲಿಸಂ ರೋಗಾಣು ಕೂಸಿನ ಕರುಳಲ್ಲಿ ಬೆಳೆದು ನರಗಳನ್ನೇ ಸೋಲಿಸುತ್ತದೆ, ಕಾಯಿಸಿದರೂ ಅದು ಹೋಗುವುದಿಲ್ಲ. ಹಸುವಿನ ಹಾಲು ಕುಡಿಯುವ ಹಾಲಾಗಿ ಒಂದು ವರ್ಷದ ನಂತರ. ಇಡೀ ಶೇಂಗಾ, ದ್ರಾಕ್ಷಿ, ಹಸಿ ಕ್ಯಾರೆಟ್ ತುಂಡು, ಕೊಬ್ಬರಿ ಚೂರು ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಹಾಗಂತ ಶೇಂಗಾವನ್ನೇ ದೂರ ಇಡಬೇಡಿ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಅಲರ್ಜಿಯ ಸಾಧ್ಯತೆ ಹೆಚ್ಚಿದ್ದ ಕೂಸುಗಳಿಗೆ ಚಿಕ್ಕಂದಿನಲ್ಲೇ ಶೇಂಗಾ ಪದಾರ್ಥ ತಿನ್ನಿಸಿದಾಗ ಮುಂದೆ ಶೇಂಗಾ ಅಲರ್ಜಿ ತುಂಬಾ ಕಡಿಮೆಯಾಯಿತು. ಹುರಿದು ನುಣ್ಣಗೆ ಪುಡಿ ಮಾಡಿ ಸರಿಗೆ ಚಿಟಿಕೆ ಚಿಟಿಕೆ ಸೇರಿಸಿ. ಮಗುವಿಗೆ ಜೋರು ಇಸುಬು ಇದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ. ಇನ್ನು ಹಾಲಿನಲ್ಲಿ ಅದ್ದಿದ ಬಿಸ್ಕತ್ತು! ಮೈದಾ, ಸಕ್ಕರೆ, ಎಣ್ಣೆ ಬಿಟ್ಟು ಅದರಲ್ಲಿ ಏನಿದೆ ಹೇಳಿ. ನೆಂಟರು ಬಂದಾಗ ಇದನ್ನು ತಡೆಯುವುದೇ ನಿಮ್ಮ ದೊಡ್ಡ ಕೆಲಸ ಆಗಬಹುದು.

ಗಂಡ ಹೇಳಿದ ಡಬ್ಬಿ? ಊರಿಗೆ ಹೋಗುವಾಗ, ಅತ್ತೆಯವರಿಗೆ ಹುಷಾರಿಲ್ಲದಾಗ ಮನೆಯಲ್ಲಿ ಒಂದು ಇರಲಿ. ಅದರಲ್ಲಿ ಕಬ್ಬಿಣ ಸೇರಿಸಿರುತ್ತಾರೆ, ಅದು ನಿಜವಾದ ಲಾಭ. ಸಕ್ಕರೆ ಸೇರಿಸಿದ್ದನ್ನು ಬಿಟ್ಟು ಬೇರೆ ಆರಿಸಿ. ಪದಾರ್ಥಗಳ ಪಟ್ಟಿಯಲ್ಲಿ ಮಾಲ್ಟೋಡೆಕ್ಸ್‌ಟ್ರಿನ್, ಗ್ಲೂಕೋಸ್ ಸಿರಪ್ ಇದ್ದರೂ ಅದೇ ಲೆಕ್ಕ. ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತನ್ನೇ ನಮ್ಮ ದೇಶದ ಕಾನೂನು ನಿಷೇಧಿಸಿದೆ. ಹಾಗಾಗಿ ಯಾರಾದರೂ ವಿಡಿಯೋ ಮಾಡಿ ಒಂದು ಬ್ರ್ಯಾಂಡನ್ನು ಹೊಗಳಿದರೆ ಅದನ್ನು ಅನುಮಾನದಿಂದಲೇ ನೋಡಿ. ದಿನಾ ಮೂರು ಹೊತ್ತೂ ಡಬ್ಬಿಯಾದರೆ ಮಗುವಿಗೆ ಒಂದೇ ರುಚಿ, ಒಂದೇ ಹದ. ನಿಮ್ಮ ಮನೆಯ ಹುಳಿ ಅನ್ನ ಅದು ತಿನ್ನುವುದು ಯಾವಾಗ ಕಲಿಯಬೇಕು?

ನೀವು ಆಫೀಸಿಗೆ ಹೋಗುವ ಮುಂಚೆ ಇರುವ ಈ ಒಂದು ವಾರದಲ್ಲಿ ಅತ್ತೆಯವರ ಜೊತೆ ಕುಕ್ಕರ್ ಬಟ್ಟಲು ನಾಲ್ಕು ಸಲ ಇಟ್ಟು ನೋಡಿ, ನೀರಿನ ಅಳತೆ ನಿಮ್ಮ ಕುಕ್ಕರ್‌ಗೆ ಎಷ್ಟು ಹಿಡಿಯುತ್ತದೆ ಅಂತ ತಿಳಿಯುತ್ತದೆ. ಗಂಡನಿಗೂ ಕಲಿಸಿ, ರಾತ್ರಿ ಅಕ್ಕಿ ಬೇಳೆ ನೆನೆಹಾಕುವ ಕೆಲಸ ಅವರದಾಗಲಿ. ಮಗು ತೀರಾ ಮಂಕಾಗಿದ್ದರೆ, ವಾಂತಿ ಭೇದಿ ನಿಲ್ಲದಿದ್ದರೆ, ಊಟದ ಬೆನ್ನಲ್ಲೇ ತುಟಿ ಮುಖ ಊದಿಕೊಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ಹಾಗೇನೂ ಇಲ್ಲದಿದ್ದರೆ ತಿಂಗಳಿಗೊಮ್ಮೆ ಅಂಗನವಾಡಿಯಲ್ಲೋ ಡಾಕ್ಟರ ಹತ್ತಿರವೋ ತೂಕ ನೋಡಿಸಿ ತಾಯಿ ಕಾರ್ಡಿನಲ್ಲಿ ಗುರುತು ಹಾಕಿಸಿ. ಒಂಬತ್ತು ತಿಂಗಳ ದಡಾರ ಲಸಿಕೆಗೆ ಹೋದಾಗ ಆ ಗೆರೆ ಮೇಲೇರುತ್ತಿದ್ದರೆ ಊಟ ಸರಿಯಾಗಿ ಹೋಗುತ್ತಿದೆ. ಅಡ್ಡಕ್ಕೆ ಮಲಗಿದ್ದರೆ ಏನೇನು ತಿನ್ನಿಸುತ್ತಿದ್ದೀರಿ, ಎಷ್ಟು ಹೊತ್ತಿಗೆ, ಎಷ್ಟು ಗಟ್ಟಿ ಅನ್ನುವುದನ್ನು ಬರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.